ಗೆಲ್ಲುವ ಅಭ್ಯರ್ಥಿಯನ್ನು ಆರಿಸಿದ ಶುಕ್ರವಾರ

ನಾವು ಸೋತು ಐದು ತಿಂಗಳಾಯಿತು. ಇವತ್ತಿಗೂ ಯಾರಾದರೂ ಮನೆಗೆ ಬಂದು, ಸೋಫಾದಲ್ಲಿ ಕೂತು, ಕಾಫಿ ಲೋಟ ಕೈಗೆ ತೆಗೆದುಕೊಂಡರೆ ಸಾಕು, ಅದೇ ಮಾತು ಶುರು. "ಅವತ್ತು ಗ್ಯಾರೇಜಿನವ್ರನ್ನೇ ನಿಲ್ಸಿದ್ರೆ ಗೆಲ್ತಿದ್ವಿ ಸಾರ್, ಬೇಕಾದ್ರೆ ಬರೆದಿಟ್ಕೊಳ್ಳಿ." ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿದೆ. ಹೀಗೆ ಹೇಳುವವರಲ್ಲಿ ಅವತ್ತು ಬೇಡ ಅಂದವರೇ ಹೆಚ್ಚು. ಮಗಳು ತನ್ನ ರೂಮಿನಿಂದಲೇ, "ಅಪ್ಪಾ, ಇಟ್ಸ್ ಜಸ್ಟ್ ಎ ಕ್ಲಬ್ ಎಲೆಕ್ಷನ್!" ಎಂದು ಕೂಗುತ್ತಾಳೆ. ಅವಳು ಹೇಳುವುದು ಸರಿ. ಆದರೂ ನನಗೆ ಅದನ್ನು ಅಷ್ಟಕ್ಕೇ ಬಿಟ್ಟು ಏಳಲು ಆಗುತ್ತಿಲ್ಲ. ಯಾಕೆಂದರೆ ಅವತ್ತು ಆ ಕೆಲಸ ಮಾಡಿ ಬಂದವನು ನಾನು.

ನಾನು ಮೈಸೂರಿನವನು. ಮಸ್ಕತ್ತಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿನ ಘಾಲಾ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವುದು ನನ್ನ ಉದ್ಯೋಗ. ನಮ್ಮದೊಂದು ಚಿಕ್ಕ ಕನ್ನಡ ಸಂಘ ಇದೆ. ಎರಡು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ. ಊರು ಬಿಟ್ಟು ಸಮುದ್ರ ದಾಟಿ ಬಂದರೂ ಬಣ ಮಾಡಿಕೊಳ್ಳದಿದ್ದರೆ ನಮಗೆ ಅನ್ನ ಕರಗುವುದಿಲ್ಲವಲ್ಲ, ಹಾಗಾಗಿ ಇಲ್ಲಿಯೂ ಎರಡು ಬಣ. ಬಹಳ ವರ್ಷ ಅದೊಂದು ಆಟದ ಹಾಗೆ ನಡೆದುಕೊಂಡು ಬಂದಿತ್ತು. ಒಂದು ಸಲ ಅವರು, ಒಂದು ಸಲ ನಾವು. ಯಾರು ಗೆದ್ದರೂ ರಾಜ್ಯೋತ್ಸವದ ಊಟಕ್ಕೆ ಅದೇ ಬಿಸಿಬೇಳೆಬಾತು.

ಈ ಸಲ ಹಾಗಿರಲಿಲ್ಲ. ಸಂಘಕ್ಕೆ ಒಂದು ನೆರವು ತಂಡ ಇತ್ತು. ಕೆಲಸಕ್ಕೆಂದು ಬಂದ ನಮ್ಮ ಕಡೆಯವರು ಯಾರಾದರೂ ಆಸ್ಪತ್ರೆ ಸೇರಿದರೆ, ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ, ಅಂದರೆ ಕಫೀಲ್ ಜೊತೆ ತಕರಾರಾಗಿ ಕಾಗದಪತ್ರ ಸಿಕ್ಕಿಹಾಕಿಕೊಂಡರೆ, ಸತ್ತರೆ, ಓಡಾಡಿ ಅವರನ್ನು ಊರಿಗೆ ಕಳಿಸುವ ಕೆಲಸ ಅದರದ್ದು. ಅದಕ್ಕೆ ಬೇಕಾಗಿದ್ದುದು ಒಂದೇ ಒಂದು ವಸ್ತು: ಅಧ್ಯಕ್ಷರ ಸಹಿ ಇರುವ ಪತ್ರ. ರಕ್ತಸಂಬಂಧಿ ಅಲ್ಲದವನಿಗೆ ಆಸ್ಪತ್ರೆಯಲ್ಲಿ ರೋಗಿಯ ರಿಪೋರ್ಟು ಕೊಡುವುದಿಲ್ಲ. ಹೆಂಡತಿ ಊರಿನಲ್ಲಿ, ತಮ್ಮ ಇನ್ನೆಲ್ಲೋ, ಇಲ್ಲಿ ಯಾರಿದ್ದಾರೆ? ಈ ಪತ್ರ ತೋರಿಸಿದರೆ, ಸರಿ, ಸಂಘದವರು ಜವಾಬ್ದಾರರು ಎಂದು ಕೊಡುತ್ತಿದ್ದರು. ಎದುರು ಬಣದವರು ಈ ಸಲ ಸ್ಪಷ್ಟವಾಗಿಯೇ ಹೇಳಿಬಿಟ್ಟಿದ್ದರು: ಇದು ರಾಯಭಾರ ಕಚೇರಿಯ ಕೆಲಸ, ನಾಳೆ ಹೆಚ್ಚುಕಡಿಮೆಯಾದರೆ ಯಾರು ಉತ್ತರ ಕೊಡುತ್ತಾರೆ, ಸಂಘ ಇರುವುದು ಭಾಷೆಗೆ, ಸಂಸ್ಕೃತಿಗೆ. ಅವರು ಕೆಟ್ಟವರಲ್ಲ, ಹೆದರುವವರು ಅಷ್ಟೆ. ಆದರೆ ಅವರು ಗೆದ್ದರೆ ಆ ಪತ್ರ ನಿಂತುಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ಗೆಲ್ಲಲೇಬೇಕಾಗಿತ್ತು.

ನೆರವು ತಂಡ ಅಂತ ಹೆಸರಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಆ ತಂಡ ಒಬ್ಬ ಮನುಷ್ಯ. ಘಾಲಾದಲ್ಲಿ ನಮ್ಮ ಗೋದಾಮಿನ ಹಿಂದಿನ ರಸ್ತೆಯಲ್ಲಿ ಗ್ಯಾರೇಜು ನಡೆಸುವವರು. ಮಂಗಳೂರಿನ ಕಡೆಯ ಬ್ಯಾರಿ ಮುಸ್ಲಿಮರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ನನ್ನ ಕಾರಿನ ಎಸಿ ಕೆಟ್ಟು ಒಂದು ಜೂನ್ ತಿಂಗಳಲ್ಲಿ ಅವರ ಹತ್ತಿರ ಹೋದಾಗ ಪರಿಚಯವಾದದ್ದು. ಅವರ ದೊಡ್ಡ ದೋಷ ಏನೆಂದರೆ ಕಾರನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ, ಫೋನು ಬಂದರೆ ಕೈ ಒರೆಸಿಕೊಂಡು ಹೊರಟೇಬಿಡುತ್ತಾರೆ. ಆಮೇಲೆ ಸಂಜೆಯವರೆಗೆ ಪತ್ತೆ ಇಲ್ಲ. ಮೊದಲ ಸಲ ನಾನು ಕೂಗಾಡಿದ್ದೆ. "ಒಬ್ಬ ಬಿಜಾಪುರದವ ಸ್ಕ್ಯಾಫೋಲ್ಡಿಂಗಿಂದ ಬಿದ್ದಿದ್ದಾನೆ ಸರ್, ಎಂತ ಮಾಡುವುದು ಹೇಳಿ. ನಿಮ್ಮ ಎಸಿ ನಾಳೆ ಆಗ್ತದೆ, ಅವನದ್ದು ನಾಳೆ ಆಗುದಿಲ್ಲ," ಎಂದರು. ಮುಂದಿನ ಸಲ ನಾನೂ ಜೊತೆಗೆ ಹೋದೆ. ಅರಬಿಯಲ್ಲಿ ಕಫೀಲ್ ಜೊತೆ, ಹಿಂದಿಯಲ್ಲಿ ವಾರ್ಡಿನವರ ಜೊತೆ, ಕನ್ನಡದಲ್ಲಿ ಊರಿನ ಹೆಂಡತಿಯ ಜೊತೆ, ಬ್ಯಾರಿ ಭಾಷೆಯಲ್ಲಿ ತನ್ನಷ್ಟಕ್ಕೇ ಬೈದುಕೊಳ್ಳುತ್ತ, ಒಂದೇ ಬೆಳಿಗ್ಗೆಯಲ್ಲಿ ಅವರು ಎಷ್ಟು ಬಾಗಿಲು ಬಡಿದರೆಂದರೆ ಸುಮ್ಮನೆ ಹಿಂದೆ ನಡೆದ ನನಗೇ ಕಾಲು ನೋವು ಬಂದಿತ್ತು.

ಅಭ್ಯರ್ಥಿ ಯಾರು ಎಂದು ತೀರ್ಮಾನಿಸಲು ನಮ್ಮ ಬಣ ಸೇರಿದ್ದು ನಮ್ಮ ಮನೆಯಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ. ಊಟಕ್ಕೆ ಅನುಕೂಲ ಎಂದು ಆ ಹೊತ್ತು ಇಟ್ಟವನು ನಾನೇ. ಶುಕ್ರವಾರ ಹನ್ನೆರಡೂವರೆಗೆ ಗ್ಯಾರೇಜಿನವರು ಮಸೀದಿಯಲ್ಲಿ ಇರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ ಅಂತ ಬರೆದರೆ ನನ್ನ ಕೈಗೇ ನಾಚಿಕೆಯಾಗಬೇಕು. ಬಣದ ಒಳಕೂಟದಲ್ಲಿ ನಾವು ಎಂಟು ಜನ. ಅವತ್ತು ಬಂದವರು ಏಳು.

ಎರಡು ಹೆಸರು ಬಂತು. ಒಂದು ಇವರದ್ದು. ಇನ್ನೊಂದು ದೂರದ ಸೊಹಾರ್ ಪಟ್ಟಣದ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿರುವ ಇಂಜಿನಿಯರದ್ದು. ಬೆಂಗಳೂರಿನವರು, ಸಜ್ಜನರು, ಸೂಟು ಹಾಕಿ ವೇದಿಕೆ ಹತ್ತಿದರೆ ನೋಡಲು ಲಕ್ಷಣವಾಗಿರುತ್ತಾರೆ, ಇಂಗ್ಲಿಷು ಸರಾಗ. ಒಳಕೂಟದವರಲ್ಲ, ಆದರೆ ಕರೆದರೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು.

"ನನ್ ಕೇಳಿದ್ರೆ ಗ್ಯಾರೇಜಿನವ್ರೇ ಆಗ್ಬೇಕು, ಚಿನ್ನದಂಥ ಮನುಷ್ಯ," ಎಂದು ಶುರು ಮಾಡಿದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಕಾರ್ಯದರ್ಶಿ. "ನಮಗೇನೂ ಇಲ್ಲಪ್ಪ. ಆದ್ರೆ ಜನ ಒಪ್ಬೇಕಲ್ಲ?"

ಅಷ್ಟೇ ಸಾಕಾಯಿತು. ಎಲ್ಲರೂ ಶುರು ಹಚ್ಚಿಕೊಂಡರು. ನಮಗೇನೂ ಇಲ್ಲ, ಆದರೆ ಫ್ಲ್ಯಾಟುಗಳಲ್ಲಿರುವ ಬೆಂಗಳೂರಿನವರು ಗ್ಯಾರೇಜಿನವರಿಗೆ ವೋಟು ಹಾಕುತ್ತಾರಾ? ನಮಗೇನೂ ಇಲ್ಲ, ಆದರೆ ಅತಿಥಿಗಳು ಬಂದಾಗ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಡವಾ? ನಮಗೇನೂ ಇಲ್ಲ, ಆದರೆ. ಅವರು ಬ್ಯಾರಿ ಎಂಬ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಡದೆಯೂ ಏಳು ಜನರಿಗೂ ಕೇಳಿಸಿತು. ಆ 'ಜನ' ಅಂದರೆ ಯಾರಪ್ಪಾ ಎಂದು ಒಬ್ಬರಾದರೂ ಕೇಳಿದ್ದರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕಾಗುತ್ತಿತ್ತು. ಯಾರೂ ಕೇಳಲಿಲ್ಲ.

ನಾನಾದರೂ ಕೇಳಿದೆನೇ? ಇಲ್ಲ. ನಾನು ಇನ್ನೂ ಬುದ್ಧಿವಂತನ ಹಾಗೆ ಲೆಕ್ಕ ಹಾಕಿದೆ. "ಇಂಜಿನಿಯರು ನಿಂತ್ರೆ ಸೊಹಾರಿನವ್ರು ಬಸ್ ಮಾಡ್ಕೊಂಡು ಬರ್ತಾರೆ. ಘಾಲಾದವ್ರು ಹೆಂಗಿದ್ರೂ ನಮ್ಮವ್ರೇ, ಅವ್ರು ಇನ್ನೆಲ್ಲಿಗ್ ಹೋಗ್ತಾರೆ?" ಎಲ್ಲರೂ ತಲೆದೂಗಿದರು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಆಮೇಲೆ ಕಾರ್ಯದರ್ಶಿ, "ಆದ್ರೂ ಮರ್ಯಾದೆಗೆ ಅವ್ರನ್ನ ಒಂದ್ ಮಾತು ಕೇಳ್ಬೇಕು. ನಿಮಗೆ ಹತ್ತಿರದವ್ರು, ನೀವೇ ಹೋಗ್ಬನ್ನಿ," ಎಂದರು. ಆಗಲಿ ಎಂದೆ. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಎಲೆ ಹಾಕಿದ್ದಳು.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ಅವರು ಒಂದು ಪಿಕಪ್ಪಿನ ಬಾನೆಟ್ ಎತ್ತಿ ಒಳಗೆ ತಲೆ ಹಾಕಿಕೊಂಡಿದ್ದರು. ಕುರ್ಚಿ ಒರೆಸಿ ಕೂರಿಸಿದರು, ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದರು. ನಾನು ವಿಷಯ ಎತ್ತಿದೆ. ಅವರ ಮುಖ ಕೆಂಪಾಯಿತು. ನಗುತ್ತ ಕೈ ಕೈ ಉಜ್ಜಿಕೊಂಡರು.

"ಅಯ್ಯೋ, ನನಗೆ ಎಂತಕ್ಕೆ ಮಾರಾಯ್ರೆ ಅದೆಲ್ಲ? ಓದಿದವರು ಇದ್ದಾರಲ್ಲ ಬೇಕಾದಷ್ಟು. ಬೇಡ ಬೇಡ."

"ಸರಿ ಹಾಗಾದ್ರೆ," ಎಂದೆ ನಾನು. ಚಹಾ ಕುಡಿದೆ. "ಸೊಹಾರಿನ ಇಂಜಿನಿಯರನ್ನ ನಿಲ್ಲಿಸೋಣ ಅಂತ ಇದ್ದೀವಿ," ಎಂದೆ.

ಅವರು ಸ್ಪ್ಯಾನರು ಕೈಗೆತ್ತಿಕೊಂಡರು. "ಒಳ್ಳೆದಾಯ್ತು. ಒಳ್ಳೆ ಜನ ಅವರು," ಎಂದು ಮತ್ತೆ ಬಾನೆಟ್ಟಿನ ಕಡೆ ತಿರುಗಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಅವರೇ ಬೇಡ ಅಂದರು ಅಂತ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅಲ್ಲಾ ರೀ, ಒಂದೇ ಒಂದ್ ಸಲ ಕೇಳಿ ಎದ್ದು ಬಂದ್ರಾ? ನಮ್ಮನೇಲಿ ಪಾಯಸ ಬಡಿಸೋವಾಗ ಬೇಡ ಅಂದೋರ ಎಲೆಗೆ ನೀವೇ ಅಲ್ವಾ ಬಲವಂತವಾಗಿ ಸುರಿಯೋದು? ಬೇಡ ಅಂದ್ರೆ ಬೇಡ ಅಂತ ಅರ್ಥ ಆಗೋಕೆ ನಾವೇನು ಇಂಗ್ಲಿಷ್ ದೊರೆಗಳಾ? ಆ ಮನುಷ್ಯ ಮೊದಲನೇ ಮಾತಿಗೇ ಹೂಂ ಅಂತಾರಾ?"

ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಜನ ಒಂದು ಲೋಟ ಮಜ್ಜಿಗೆಗೂ ಎರಡು ಸಲ ಬೇಡ ಎನ್ನುತ್ತಾರೆ. ಮೂರನೇ ಸಲ ಕೇಳದಿದ್ದರೆ ಕೊಡುವ ಮನಸ್ಸಿಲ್ಲ ಎಂದು ತಿಳಿದುಕೊಂಡು ಎದ್ದು ಹೋಗುತ್ತಾರೆ. ಆ ಗ್ಯಾರೇಜಿನಲ್ಲಿ ಕೂತಾಗಲೇ ನನಗೆ ಅದು ಗೊತ್ತಿತ್ತು. ಅವರ ಕೆಂಪಾದ ಮುಖ ನೋಡಿದಾಗಲೇ ಗೊತ್ತಾಗಿತ್ತು. ಮೊದಲ 'ಬೇಡ' ಬಾಯಿಂದ ಬಿದ್ದ ಕೂಡಲೇ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು ಬಂದೆ. ನನಗೆ ಬೇಕಾಗಿದ್ದುದೇ ಅದು. ಹೆಂಡತಿಗೆ ಮಾತ್ರ, "ನಿನಗೆ ರಾಜಕೀಯ ಗೊತ್ತಾಗಲ್ಲ ಸುಮ್ನಿರು," ಎಂದೆ.

ಪ್ರಚಾರ ನಡೆಯಿತು. ಇಂಜಿನಿಯರು ಪಾಪ ಪ್ರತಿ ಶುಕ್ರವಾರ ಸೊಹಾರಿನಿಂದ ಎರಡು ಗಂಟೆಗೂ ಹೆಚ್ಚು ಗಾಡಿ ಓಡಿಸಿಕೊಂಡು ಬರುತ್ತಿದ್ದರು. ಲ್ಯಾಪ್‌ಟಾಪು ತೆಗೆದು ಸಂಘದ ಮುಂದಿನ ಐದು ವರ್ಷದ ಯೋಜನೆ ತೋರಿಸುತ್ತಿದ್ದರು. ನೆರವು ತಂಡಕ್ಕೆ ಒಂದು ಸ್ಲೈಡು ಇತ್ತು, ಅದರಲ್ಲಿ ಬಾಣದ ಗುರುತುಗಳು. ಗ್ಯಾರೇಜಿನವರು ಮುನಿಸಿಕೊಂಡು ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ತಾವೇ ಇಂಜಿನಿಯರನ್ನು ಕರೆದುಕೊಂಡು ಘಾಲಾದ ವರ್ಕ್‌ಶಾಪುಗಳಿಗೆ, ಹುಡುಗರ ರೂಮುಗಳಿಗೆ ಹೋದರು. ನಾನೂ ಇದ್ದೆ. ಒಂದು ರೂಮಿನಲ್ಲಿ ಪುತ್ತೂರಿನ ಕಡೆಯ ಪೇಂಟರ್ ಒಬ್ಬ ಸ್ಲೈಡುಗಳನ್ನೆಲ್ಲ ಮರ್ಯಾದೆಯಿಂದ ನೋಡಿ, ಆಮೇಲೆ ಗ್ಯಾರೇಜಿನವರ ಕಡೆ ತಿರುಗಿ, "ಅಂದ್ರೆ ನೀವು ನಿಲ್ಲುದಿಲ್ವಾ ಭಾಯ್?" ಎಂದು ಕೇಳಿದ.

"ಇಲ್ಲ ಮಾರಾಯ. ಇವರು ನನಗಿಂತ ಒಳ್ಳೆ ಕೆಲಸ ಮಾಡ್ತಾರೆ. ಇವರಿಗೇ ಹಾಕ್ಬೇಕು," ಎಂದರು. ಇಂಜಿನಿಯರು ಕೈ ಮುಗಿದರು. ನಾನು ಗೋಡೆಗೆ ನೇತುಹಾಕಿದ್ದ ಶರಟುಗಳನ್ನು ನೋಡುತ್ತ ನಿಂತೆ.

ಚುನಾವಣೆಯ ಶುಕ್ರವಾರ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ನಿಂತು ಸೊಹಾರಿನ ಬಸ್ಸಿಗೆ ಕಾದೆವು. ಬಂತು. ಅರ್ಧ ಖಾಲಿ. ಕೆಲವರು ಶಿಫ್ಟಿನಲ್ಲಿದ್ದರು, ಅದು ಸರಿ. ಉಳಿದವರದ್ದು ಬೇರೆ ಕಥೆ. ಬಸ್ಸಿನಿಂದ ಇಳಿದ ಫೋರ್‌ಮನ್ ಒಬ್ಬ ನನ್ನ ಕಿವಿಯಲ್ಲಿ, "ಸಾರ್, ವರ್ಷವಿಡೀ ನಮ್ಮ ರಜೆ ಅರ್ಜಿ ವಾಪಸ್ ಕಳಿಸೋರು ಅವ್ರು. ವಾರಕ್ಕೆ ರಜೆ ಸಿಗೋ ಆ ಒಂದ್ ಶುಕ್ರವಾರಾನೂ ಅವರಿಗೇ ಕೊಡಿ ಅಂದ್ರೆ ಹುಡುಗ್ರು ಏನಂತಾರೆ?" ಎಂದ. ಕೆಳಗೆ ದುಡಿಯುವವರೆಲ್ಲ ಸಾಹೇಬರಿಗೆ ವೋಟು ಹಾಕಲು ಓಡೋಡಿ ಬರುತ್ತಾರೆ ಎಂದು ಲೆಕ್ಕ ಹಾಕಿದವನು ನಾನು. ಗೋದಾಮಿನಲ್ಲಿ ನನ್ನ ಕೈಕೆಳಗಿನವರು ನನಗೆ ವೋಟು ಹಾಕುತ್ತಾರೆಯೇ ಎಂದು ಒಂದು ಸಲ ಯೋಚಿಸಿದ್ದರೆ ಸಾಕಿತ್ತು.

ಘಾಲಾದವರು ಬೇರೆಲ್ಲಿಗೂ ಹೋಗಲಿಲ್ಲ. ರೂಮಿನಲ್ಲೇ ಉಳಿದು ಬಟ್ಟೆ ಒಗೆದುಕೊಂಡರು. ಗ್ಯಾರೇಜಿನವರು ಅವರಿವರಿಗೆ ಫೋನು ಮಾಡಿ ಮಾಡಿ, ತಮ್ಮ ವ್ಯಾನಿನಲ್ಲಿ ಎರಡು ಸಲ ಕರೆದು ತಂದರು. ಆಮೇಲೆ ನಮಾಜಿನ ಹೊತ್ತಾಯಿತು. ಸಂಜೆ ಎಣಿಸಿದಾಗ ನಾವು ಸೋತದ್ದು ಒಂದು ವ್ಯಾನು ತುಂಬುವಷ್ಟು ವೋಟಿನಿಂದ.

ಹಾಗಾದರೆ ಅವರು ನಿಂತಿದ್ದರೆ ಗೆಲ್ಲುತ್ತಿದ್ದೆವಾ? ಇಲ್ಲಿಯೇ ನನಗೆ ಸಂಕಟ. ಅವತ್ತೇ ಸಭಾಂಗಣದಲ್ಲಿ ಒಂದು ಬೆಂಗಳೂರಿನ ಕುಟುಂಬ ನನ್ನನ್ನು ತಡೆದು, "ಸದ್ಯ, ಈ ಸಲ ಡೀಸೆಂಟ್ ಆಗಿರೋರನ್ನ ನಿಲ್ಸಿದ್ದೀರ. ಇಲ್ದಿದ್ರೆ ನಾವು ಬರ್ತಾನೇ ಇರ್ಲಿಲ್ಲ," ಎಂದಿತ್ತು. ಅಂಥವರು ಎಷ್ಟು ಮನೆ ಇದ್ದರು? ನನಗೆ ಗೊತ್ತಿಲ್ಲ. ರೂಮಿನಲ್ಲಿ ಬಟ್ಟೆ ಒಗೆದವರಿಗಿಂತ ಹೆಚ್ಚೋ ಕಡಿಮೆಯೋ? ಅದೂ ಗೊತ್ತಿಲ್ಲ. ಯೋಚಿಸಿ ಯೋಚಿಸಿ ದಣಿದಿದ್ದೇನೆ. ಕಾರ್ಯದರ್ಶಿಯವರಿಗೆ ಮಾತ್ರ ಯಾವ ಅನುಮಾನವೂ ಇಲ್ಲ. "ನಾನ್ ಅವತ್ತೇ ಹೇಳಿದ್ದೆ ಗ್ಯಾರೇಜಿನವ್ರೇ ಆಗ್ಬೇಕು ಅಂತ," ಎನ್ನುತ್ತಾರೆ. ಹೇಳಿದ್ದು ಹೌದು. ಅದರ ಹಿಂದೆಯೇ ಬಂದ 'ಆದ್ರೆ' ಒಂದನ್ನು ಮರೆತಿದ್ದಾರೆ.

ಹೊಸ ಸಮಿತಿ ಬಂದು ನೆರವು ತಂಡವನ್ನು ರದ್ದು ಮಾಡಲಿಲ್ಲ. ಪರಿಶೀಲನೆಯಲ್ಲಿಟ್ಟಿತು. ಪತ್ರ ಬೇಕೆಂದು ಫೋನು ಮಾಡಿದರೆ ಹೊಸ ಅಧ್ಯಕ್ಷರು ಬಹಳ ವಿನಯದಿಂದ, "ಮುಂದಿನ ತಿಂಗಳ ಸಭೆಯಲ್ಲಿ ಇಡ್ತೀವಿ ಸರ್," ಎನ್ನುತ್ತಿದ್ದರು.

ಕಳೆದ ವಾರ ಸೊಹಾರಿನಿಂದ ಫೋನು ಬಂತು. ಕೊಪ್ಪಳದ ಕಡೆಯ ಗಾರೆ ಕೆಲಸದವನೊಬ್ಬ, ನಲವತ್ತು ದಾಟಿರಲಿಲ್ಲ, ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದ. ಒಂದು ಪಕ್ಕ ಪೂರ್ತಿ ಬಿದ್ದುಹೋಗಿತ್ತು, ಮಾತೂ ಇಲ್ಲ. ಕಫೀಲ್ ಒಳ್ಳೆಯವನು, ಕಳಿಸಲು ಒಪ್ಪಿದ್ದ. ಸ್ಟ್ರೆಚರ್ ಮೇಲೆ ಕರೆದೊಯ್ಯಲು ವಿಮಾನದವರಿಗೆ ಡಾಕ್ಟರ ರಿಪೋರ್ಟು ಬೇಕು. ನಾನೂ ಗ್ಯಾರೇಜಿನವರೂ ಬೆಳಿಗ್ಗೆ ಹೊರಟೆವು. ಕೌಂಟರಿನಲ್ಲಿದ್ದವರಿಗೆ ಇವರ ಗುರುತು ಚೆನ್ನಾಗಿಯೇ ಇತ್ತು, ಕೈ ಕುಲುಕಿ ಯೋಗಕ್ಷೇಮ ವಿಚಾರಿಸಿದರು. ಆಮೇಲೆ ಪತ್ರ ಕೇಳಿದರು. ಇಲ್ಲ ಎಂದಾಗ ಅವರಿಗೇ ಬೇಜಾರಾಯಿತು. ಆದರೆ ನಿಯಮ ಅಂದರೆ ನಿಯಮ. ಇನ್ನು ಊರಿನಿಂದ ಹೆಂಡತಿಯ ಅಧಿಕಾರ ಪತ್ರ, ನೋಟರಿ, ಮುದ್ರೆ ಎಂದು ವಾರಗಳೇ ಹಿಡಿಯುತ್ತವೆ. ವಾರ್ಡಿಗೆ ಹೋಗಿ ಅವನ ಹಾಸಿಗೆಯ ಪಕ್ಕ ನಿಂತೆವು. ಅವನು ಗ್ಯಾರೇಜಿನವರ ಅಂಗಿಯನ್ನು ಸರಿಯಿದ್ದ ಕೈಯಿಂದ ಹಿಡಿದುಕೊಂಡ. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ವಾಪಸು ಬರುವಾಗ ಅವರೇ ಗಾಡಿ ಓಡಿಸುತ್ತಿದ್ದರು. ಮಧ್ಯಾಹ್ನದ ಬಿಸಿಲು, ನೇರ ರಸ್ತೆ. ನನಗೆ ತಡೆಯಲಾಗಲಿಲ್ಲ. "ನಿಜ ಹೇಳಿ. ನೀವು ನಿಂತಿದ್ರೆ ಗೆಲ್ತಿದ್ರಾ?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ಯಾರಿಗೆ ಗೊತ್ತು ಸರ್? ಸೋಲ್ತಿದ್ದೆ ಅಂತ ಕಾಣ್ತದೆ."

ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಹೇಳಿದರು. "ಜನ ಬೇಡ ಅಂತ ಹೇಳಿದ್ರೆ ನನಗೆ ಎಂತದೂ ಬೇಜಾರಿಲ್ಲ ಸರ್. ಜನರನ್ನು ಯಾರೂ ಕೇಳ್ಲೇ ಇಲ್ಲ. ಬೇಡ ಅಂತ ಹೇಳಿದ್ದು ನೀವು ಏಳು ಜನ. ಹಬ್ಬಕ್ಕೆ ನನ್ನ ಮನೆಯಲ್ಲಿ ಕೂತು ಉಂಡವರು."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು. ಕೈ ಚಾಚಿ ಎಸಿ ಜೋರು ಮಾಡಿದೆ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಊರಿನ ನಂಬರು, ಆ ಗಾರೆಯವನ ಹೆಂಡತಿ. "ನೀವೇ ಮಾತಾಡಿ ಸರ್, ನಾನು ಓಡಿಸ್ತಾ ಇದ್ದೇನಲ್ಲ," ಎಂದು ಫೋನನ್ನು ನನ್ನ ಕಡೆ ತಳ್ಳಿದರು. ನಾನು ಎತ್ತಿದೆ. ಕಾಗದ ಕೊಡಲಿಲ್ಲಮ್ಮ, ಸ್ವಲ್ಪ ದಿನ ಹಿಡಿಯುತ್ತದೆ, ಅಧ್ಯಕ್ಷರ ಪತ್ರ ಬೇಕಂತೆ ಎಂದು ಹೇಳಿದೆ.

"ಆ ಅಣ್ಣಾರ ಅಲ್ಲೇನ್ರೀ ಅಧ್ಯಕ್ಷರು?" ಎಂದಳು. "ನಮ್ಮನಿಯವ್ರು ಹಂಗ ಹೇಳ್ತಿದ್ರಲ್ರೀ."

"ಅವರಲ್ಲಮ್ಮ."

"ಅವರಲ್ಲೇನ್ರೀ? ಮತ್ಯಾಕ್ರೀ?"

ನಾನು ಪಕ್ಕಕ್ಕೆ ನೋಡಿದೆ. ಅವರು ರಸ್ತೆ ನೋಡುತ್ತಿದ್ದರು.

"ನಾವು ಮಾಡ್ಲಿಲ್ಲಮ್ಮ," ಎಂದೆ.